ನೋವು ಹುಟ್ಟುವಲ್ಲೇ ಅದಕ್ಕೆ ತಡೆ: ನರದ ತುದಿಯ ಪೊಟ್ಯಾಸಿಯಂ ತೂಬು

ನೋವು ಎಂದರೇನೆಂದು ಯಾರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೂ ನೋವೇ, ಮೂಳೆ ಮುರಿದರೂ ನೋವೇ, ಕ್ಯಾನ್ಸರ್ ಗಡ್ಡೆ ನರವನ್ನು ಒತ್ತಿದರೂ ನೋವೇ. ಮೊದಲನೆಯದು ಗಳಿಗೆಯಲ್ಲಿ ಮರೆತುಹೋಗುತ್ತದೆ. ಕೊನೆಯದು ರೋಗಿಯ ನಿದ್ದೆ, ಊಟ, ಮಾತು ಎಲ್ಲವನ್ನೂ ಕಸಿದುಕೊಳ್ಳುತ್ತದೆ. ಅಂಥ ಕಡುನೋವಿಗೆ ವೈದ್ಯರು ಕೊಡುವ ಔಷಧಗಳಲ್ಲಿ ಇಂದಿಗೂ ಮೊದಲ ಸಾಲಿನಲ್ಲಿ ನಿಲ್ಲುವುದು ಮಾರ್ಫಿನ್.

ಆದರೆ ಮಾರ್ಫಿನ್ ಎಂದ ಕೂಡಲೇ ರೋಗಿಯ ಮನೆಯವರ ಮುಖ ಬಾಡುತ್ತದೆ. "ಅದು ಅಫೀಮಲ್ಲವೇ ಡಾಕ್ಟರೇ? ಚಟ ಹತ್ತುವುದಿಲ್ಲವೇ? ಉಸಿರು ನಿಂತುಬಿಟ್ಟರೆ?" ಎಂದು ಕೇಳುತ್ತಾರೆ. ಈ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಮಾರ್ಫಿನ್ ಮಿದುಳನ್ನು ತಲುಪಿ ಅಲ್ಲಿ ನೋವಿನ ಅರಿವನ್ನು ತಗ್ಗಿಸುತ್ತದೆ. ಅದೇ ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವನ್ನೂ, ಸುಖದ ಅನುಭವಕ್ಕೆ ಸಂಬಂಧಿಸಿದ ಕೇಂದ್ರಗಳನ್ನೂ ಅದು ಮುಟ್ಟುತ್ತದೆ. ಪ್ರಮಾಣ ತಪ್ಪಿದರೆ ಉಸಿರಾಟ ಕುಂದುವುದೂ, ದುರುಪಯೋಗದಿಂದ ಚಟ ಹತ್ತುವುದೂ ಇದರಿಂದಲೇ.

ಹಾಗಾದರೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ನೋವು ಇರುವುದು ಮಂಡಿಯಲ್ಲಿ. ಮದ್ದು ಮಿದುಳಿಗೆ ಹೋಗಲೇಬೇಕೆ? ಮಂಡಿಯಲ್ಲೇ ನಿಂತು ಅಲ್ಲಿಯೇ ನೋವನ್ನು ತಡೆಯಲಾರದೆ? ಈ ಪ್ರಶ್ನೆಗೆ ವಿಜ್ಞಾನ ಕೊಟ್ಟಿರುವ ಉತ್ತರ "ತಡೆಯಬಲ್ಲದು" ಎಂಬುದೇ. ಹೇಗೆ ತಡೆಯುತ್ತದೆ ಎಂಬುದರ ಕಥೆಯಲ್ಲಿ ಮುಖ್ಯ ಪಾತ್ರ ನಮಗೆಲ್ಲ ಪರಿಚಿತವಾದ ಒಂದು ಲವಣಾಂಶದ್ದು, ಪೊಟ್ಯಾಸಿಯಂನದು.

ಗಸಗಸೆಯಿಂದ ಮಾರ್ಫಿನ್‌ವರೆಗೆ

ಹಬ್ಬದ ದಿನ ನಾವು ಪಾಯಸ ಮಾಡುವ ಗಸಗಸೆಯೂ ಅಫೀಮೂ ಒಂದೇ ಗಿಡದವು. ಬಲಿಯುತ್ತಿರುವ ಹಸಿರು ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಬೀಜದಲ್ಲಿ ಮಾದಕ ಅಂಶ ಇಲ್ಲವೆನ್ನುವಷ್ಟು ಅಲ್ಪ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಪಡೆದ ರೈತರು ಔಷಧಕ್ಕಾಗಿ ಇದನ್ನು ಬೆಳೆಯುತ್ತಾರೆ. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ತಯಾರಕ ಫ್ರೀಡ್ರಿಕ್ ಸೆರ್ಟ್ಯೂರ್ನರ್ ಅಫೀಮಿನಿಂದ ಅದರ ಮುಖ್ಯ ಸತ್ವವನ್ನು ಬೇರ್ಪಡಿಸಿದರು. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರು ಅದಕ್ಕೆ ಬಂತು.

1853ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ವೈದ್ಯ ಅಲೆಕ್ಸಾಂಡರ್ ವುಡ್ ನರಶೂಲೆಯಿಂದ ನರಳುತ್ತಿದ್ದ ರೋಗಿಗೆ ನೋವಿದ್ದ ಜಾಗದಲ್ಲೇ ಸೂಜಿಯಿಂದ ಮಾರ್ಫಿನ್ ಕೊಟ್ಟರು. 1855ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಮದ್ದು ಬಿದ್ದ ಜಾಗದಲ್ಲೇ ಕೆಲಸ ಮಾಡುತ್ತದೆ ಎಂಬುದು ಅವರ ನಂಬಿಕೆ. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಚಾರ್ಲ್ಸ್ ಹಂಟರ್ ಇದನ್ನು ಅಲ್ಲಗಳೆದರು. ಸೂಜಿಯನ್ನು ನೋವಿಲ್ಲದ ಬೇರೆ ಕಡೆ ಚುಚ್ಚಿದರೂ ನೋವು ಇಳಿಯುತ್ತದೆ; ಆದ್ದರಿಂದ ಮದ್ದು ರಕ್ತದ ಮೂಲಕ ಇಡೀ ದೇಹಕ್ಕೆ ಹೋಗುತ್ತದೆ ಎಂದು ತೋರಿಸಿದರು.

ಹಂಟರ್ ಹೇಳಿದ್ದು ಸರಿಯೇ. ಹೀಗಾಗಿ ವುಡ್ ಹೇಳಿದ್ದು ಪೂರ್ತಿ ತಪ್ಪು ಎಂದು ಎಲ್ಲರೂ ತಿಳಿದರು. ಮಾರ್ಫಿನ್ ಎಂದರೆ ಮಿದುಳು ಮತ್ತು ಬೆನ್ನುಹುರಿಯ ಮದ್ದು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತುಬಿಟ್ಟಿತು. ವುಡ್ ಅವರ ಮಾತಿನಲ್ಲಿಯೂ ಅರ್ಧ ಸತ್ಯವಿತ್ತು ಎಂಬುದು ಗೊತ್ತಾದದ್ದು 20ನೆಯ ಶತಮಾನದ ಕೊನೆಯ ಭಾಗದಲ್ಲಿ.

ನೋವಿನ ಸುದ್ದಿ ಹೊರಡುವುದು ಹೇಗೆ?

ಅದನ್ನು ತಿಳಿಯಲು ಮೊದಲು ನೋವಿನ ಸುದ್ದಿ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಚರ್ಮ, ಸ್ನಾಯು, ಕೀಲು, ಕರುಳು ಎಲ್ಲೆಡೆಯೂ ನೋವನ್ನು ಗುರುತಿಸುವ ನರಗಳ ಸಣ್ಣ ತುದಿಗಳು ಹರಡಿಕೊಂಡಿವೆ. ಈ ನರಕೋಶದ ಒಡಲು ಇರುವುದು ಬೆನ್ನುಹುರಿಯ ಪಕ್ಕದಲ್ಲಿರುವ ಒಂದು ನರಗಂಟಿನಲ್ಲಿ. ಅಲ್ಲಿಂದ ಒಂದು ಎಳೆ ಹೊರಗೆ ಕಾಲ್ಬೆರಳಿನವರೆಗೂ ಹೋಗುತ್ತದೆ. ಇನ್ನೊಂದು ಎಳೆ ಬೆನ್ನುಹುರಿಯೊಳಗೆ ಹೋಗುತ್ತದೆ. ಕಾಲಿಗೆ ಹೋಗುವ ಎಳೆ ವಯಸ್ಕರಲ್ಲಿ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಒಂದೇ ಜೀವಕೋಶದ ಒಂದು ಎಳೆ ಇಷ್ಟು ಉದ್ದ!

ನರದ ಪೊರೆಯ ಒಳಗೂ ಹೊರಗೂ ವಿದ್ಯುದಂಶ ಹೊತ್ತ ಲವಣದ ಕಣಗಳಿವೆ. ಇವಕ್ಕೆ ಅಯಾನುಗಳೆಂದು ಹೆಸರು. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಒಳಗಿನ ಪೊಟ್ಯಾಸಿಯಂ ಹೊರಗಿನದಕ್ಕಿಂತ ಸುಮಾರು 30 ಪಟ್ಟು ಸಾಂದ್ರವಾಗಿರುತ್ತದೆ. ನರ ಸುಮ್ಮನಿದ್ದಾಗ ಅದರ ಒಳಭಾಗ ಹೊರಭಾಗಕ್ಕಿಂತ ಸುಮಾರು 60ರಿಂದ 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಟಾರ್ಚಿನ ಒಂದು ಸೆಲ್ಲಿನ 1.5 ವೋಲ್ಟಿಗೆ ಹೋಲಿಸಿದರೆ ಇದು ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೂ ನಮ್ಮ ಎಲ್ಲ ನೋವು ನಲಿವುಗಳ ಸುದ್ದಿ ಓಡಾಡುವುದು ಈ ಅಲ್ಪ ವಿದ್ಯುತ್ತಿನ ಏರಿಳಿತದಿಂದಲೇ.

ಹಳ್ಳಿಯ ಕೆರೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಳೆ ಬಂದರೆ ಕೆರೆಯಲ್ಲಿ ನೀರಿನ ಮಟ್ಟ ಏರುತ್ತದೆ. ಒಂದು ಮಟ್ಟ ದಾಟಿದ ಕೂಡಲೇ ಕೆರೆ ಕೋಡಿ ಬೀಳುತ್ತದೆ; ನೀರು ಭೋರೆಂದು ಹರಿಯುತ್ತದೆ. ಆ ಮಟ್ಟಕ್ಕೆ ಒಂದು ಗೇಣು ಕಡಿಮೆ ಇದ್ದರೂ ಕೋಡಿ ಹರಿಯುವುದಿಲ್ಲ. ನರದಲ್ಲಿಯೂ ಹೀಗೆಯೇ. ಶಾಖ, ಒತ್ತಡ, ಮೆಣಸಿನಕಾಯಿಯ ಖಾರ ಇವು ನರದ ತುದಿಯಲ್ಲಿ ಕೆಲವು ಬಾಗಿಲುಗಳನ್ನು ತೆರೆಸುತ್ತವೆ. ಧನ ವಿದ್ಯುದಂಶದ ಕಣಗಳು ಒಳಗೆ ನುಗ್ಗುತ್ತವೆ, ಮಟ್ಟ ಏರುತ್ತದೆ. ಗೊತ್ತಾದ ಮಟ್ಟ ದಾಟಿದರೆ ಕೋಡಿ ಬಿದ್ದಂತೆ ವಿದ್ಯುತ್ ಸಂಕೇತ ಬೆನ್ನುಹುರಿಯ ಕಡೆಗೆ ಓಡುತ್ತದೆ. ದಾಟದಿದ್ದರೆ ಸುದ್ದಿ ಹೊರಡುವುದೇ ಇಲ್ಲ.

ಗಾಯವಾಗಿ ಬಾತುಕೊಂಡ ಜಾಗ ಮುಟ್ಟಿದರೂ ನೋಯುವುದೇಕೆ? ಉರಿಯೂತವಿರುವ ಕಡೆ ಪ್ರಾಸ್ಟಾಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಹುಟ್ಟುತ್ತವೆ. ಇವು ನರದ ತುದಿಯನ್ನು ಮೊದಲೇ ತುಂಬಿ ತುಳುಕುವ ಕೆರೆಯಂತೆ ಮಾಡಿಬಿಡುತ್ತವೆ. ಆಗ ಸಣ್ಣ ಸೋನೆ ಮಳೆಗೂ ಕೋಡಿ ಬೀಳುತ್ತದೆ. ಬಟ್ಟೆ ತಾಗಿದರೂ ನೋವು.

ಪೊಟ್ಯಾಸಿಯಂ ಎಂಬ ತೂಬು

ಕೆರೆಗೆ ಕೋಡಿಯಲ್ಲದೆ ತೂಬೂ ಇದೆ. ತೂಬು ಎತ್ತಿದರೆ ನೀರು ಸದ್ದಿಲ್ಲದೆ ಹೊರಗೆ ಹರಿದು ಮಟ್ಟ ತಗ್ಗುತ್ತದೆ. ನರದ ಪೊರೆಯಲ್ಲಿ ಈ ಕೆಲಸ ಮಾಡುವುದು ಪೊಟ್ಯಾಸಿಯಂ ನಾಲೆಗಳು. ಇವು ಪ್ರೋಟೀನಿನಿಂದಾದ, ಪೊರೆಯ ಒಳಗಿನಿಂದ ಹೊರಗೆ ತೆರೆದುಕೊಳ್ಳುವ ಅತಿ ಸೂಕ್ಷ್ಮ ದಾರಿಗಳು. ಪೊಟ್ಯಾಸಿಯಂ ಕಣಗಳನ್ನು ಬಿಟ್ಟು, ಅದಕ್ಕಿಂತ ಚಿಕ್ಕದಾದ ಸೋಡಿಯಂ ಕಣಗಳನ್ನು ಬಿಡದ ಈ ನಾಲೆಯ ರಚನೆಯನ್ನು ಅಮೆರಿಕದ ರಾಡರಿಕ್ ಮೆಕಿನನ್ 1998ರಲ್ಲಿ ಸ್ಪಷ್ಟವಾಗಿ ತೋರಿಸಿದರು. 2003ರಲ್ಲಿ ಅವರು ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಒಳಗೆ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ನಾಲೆ ತೆರೆದಾಗ ಅದು ಹೊರಗೆ ಹರಿಯುತ್ತದೆ. ಧನ ವಿದ್ಯುದಂಶ ಹೊರಗೆ ಹೋದಷ್ಟೂ ಒಳಭಾಗ ಹೆಚ್ಚು ಋಣವಾಗುತ್ತದೆ. ಕೆರೆಯ ಮಟ್ಟ ಕೋಡಿಯಿಂದ ಕೆಳಗಿಳಿಯುತ್ತದೆ. ಆಗ ಪೆಟ್ಟು ಬಿದ್ದರೂ, ಊತವಿದ್ದರೂ ಮಟ್ಟ ಕೋಡಿಯನ್ನು ಮುಟ್ಟುವುದು ಕಷ್ಟ. ನರ ಸತ್ತಿಲ್ಲ, ಕಡಿದಿಲ್ಲ, ಮರಗಟ್ಟಿಲ್ಲ. ಶಾಂತವಾಗಿದೆ, ಅಷ್ಟೆ. ಹಲ್ಲು ಕೀಳುವಾಗ ಕೊಡುವ ಮರವು ಚುಚ್ಚುಮದ್ದಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಆ ಚುಚ್ಚುಮದ್ದು ಸೋಡಿಯಂ ಬಾಗಿಲನ್ನೇ ಮುಚ್ಚಿ ಸ್ಪರ್ಶವನ್ನೂ ಸೇರಿಸಿ ಎಲ್ಲ ಸುದ್ದಿಯನ್ನೂ ನಿಲ್ಲಿಸುತ್ತದೆ.

ತೂಬು ಎತ್ತುವ ನೀರಗಂಟಿ

ಮಾರ್ಫಿನ್ ತಾನೇ ಹೋಗಿ ತೂಬು ಎತ್ತುವುದಿಲ್ಲ. ನರದ ಪೊರೆಯ ಮೇಲೆ ಅದನ್ನು ಗುರುತಿಸಿ ಹಿಡಿದುಕೊಳ್ಳುವ ಗ್ರಾಹಕಗಳಿವೆ. 1973ರಲ್ಲಿ ಅಮೆರಿಕದಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಅದೇ ದೇಶದ ಎರಿಕ್ ಸೈಮನ್, ಸ್ವೀಡನ್ನಿನಲ್ಲಿ ಲಾರ್ಸ್ ಟೆರೇನಿಯಸ್ ಇವರ ತಂಡಗಳು ಬೇರೆ ಬೇರೆಯಾಗಿ ಇಂಥ ಗ್ರಾಹಕಗಳಿರುವುದನ್ನು ತೋರಿಸಿದವು. ಗಸಗಸೆ ಗಿಡದ ವಸ್ತುವಿಗೆ ನಮ್ಮ ದೇಹದಲ್ಲಿ ಬೀಗ ಇದೆಯೆಂದರೆ, ಅದಕ್ಕೆ ಒಪ್ಪುವ ಬೀಗದ ಕೈ ದೇಹದಲ್ಲಿಯೇ ಇರಬೇಕಲ್ಲವೇ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಸ್ ಅದನ್ನೂ ಕಂಡುಹಿಡಿದರು. ಅವರು ಅದಕ್ಕೆ ಎನ್‌ಕೆಫಲಿನ್ ಎಂದು ಹೆಸರಿಟ್ಟರು. ಎಂಡಾರ್ಫಿನ್‌ಗಳೂ ಇದೇ ಬಳಗದವು. ಹೀಗೆ ದೇಹದಲ್ಲೇ ಹುಟ್ಟುವವು, ಗಿಡದಿಂದ ಬಂದವು, ಕಾರ್ಖಾನೆಯಲ್ಲಿ ಮಾಡಿದವು ಎಲ್ಲಕ್ಕೂ ಸೇರಿ ಓಪಿಯಾಯ್ಡ್ ಎಂಬ ಹೆಸರಿದೆ.

ಓಪಿಯಾಯ್ಡ್ ಬಂದು ಗ್ರಾಹಕದ ಮೇಲೆ ಕೂತಾಗ ಪೊರೆಯ ಒಳಬದಿಯಲ್ಲಿರುವ ಜಿ-ಪ್ರೋಟೀನ್ ಎಂಬ ಅಣುವಿಗೆ ಸೂಚನೆ ಹೋಗುತ್ತದೆ. ಇದೇ ನಮ್ಮ ನೀರಗಂಟಿ. ಅದರ ಒಂದು ಭಾಗ ಕಳಚಿಕೊಂಡು ಹೋಗಿ ಪೊಟ್ಯಾಸಿಯಂ ತೂಬನ್ನು ಎತ್ತುತ್ತದೆ. ಎನ್‌ಕೆಫಲಿನ್ ಸೋಕಿದಾಗ ಮಿದುಳಿನ ನರಕೋಶಗಳಲ್ಲಿ ಪೊಟ್ಯಾಸಿಯಂ ನಾಲೆಗಳು ತೆರೆದುಕೊಳ್ಳುವುದು 1982ರಲ್ಲಿ ಪ್ರಕಟವಾಯಿತು. ಈ ಬಗೆಯ ನಾಲೆಗೆ ವಿಜ್ಞಾನಿಗಳು ಗರ್ಕ್ ಎನ್ನುತ್ತಾರೆ. ಹೃದಯದಲ್ಲಿಯೂ ಈ ನಾಲೆಗಳಿವೆ. ವೇಗಸ್ ನರ ಹೃದಯದ ಬಡಿತವನ್ನು ನಿಧಾನಗೊಳಿಸುವುದು ಬಹುಮಟ್ಟಿಗೆ ಇವುಗಳ ಮೂಲಕವೇ.

ಮಾರ್ಫಿನ್‌ನ ಒಳಿತು ಕೆಡುಕುಗಳೆರಡೂ ಒಂದೇ ಬೇರಿನಿಂದ ಬರುವುದು ಹೀಗೆ. ಉಸಿರಾಟದ ಕೇಂದ್ರದ ನರಕೋಶಗಳಲ್ಲಿಯೂ ಓಪಿಯಾಯ್ಡ್ ಗ್ರಾಹಕಗಳಿವೆ, ತೂಬುಗಳೂ ಇವೆ. ಅಲ್ಲಿ ಮಟ್ಟ ತಗ್ಗಿದರೆ ಉಸಿರು ಕುಂದುತ್ತದೆ. ತೂಬು ಒಂದೇ, ಕೆರೆ ಬೇರೆ. ಹಾಗಾದರೆ ಮಂಡಿಯ ಕೆರೆಯ ತೂಬನ್ನು ಮಾತ್ರ ಎತ್ತಿ, ಮಿದುಳಿನ ಕೆರೆಯ ತೂಬನ್ನು ಮುಟ್ಟದೆ ಬಿಡಬಹುದೇ?

ಇಲಿಯ ಪಾದ, ಮನುಷ್ಯನ ಮಂಡಿ

ಈ ದಿಕ್ಕಿನಲ್ಲಿ ದಾರಿ ತೋರಿದವರಲ್ಲಿ ಬ್ರೆಜಿಲ್ ದೇಶದ ಸೆರ್ಜಿಯೋ ಫೆರೇರಾ ಪ್ರಮುಖರು. ಅವರ ದೇಶದ ಜರಾರಾಕಾ ಎಂಬ ಹಾವಿನ ವಿಷದ ಮೇಲೆ ಅವರು ಮಾಡಿದ ಅಧ್ಯಯನ ಮುಂದೆ ರಕ್ತದೊತ್ತಡದ ಮದ್ದಾದ ಕ್ಯಾಪ್ಟೊಪ್ರಿಲ್‌ಗೆ ದಾರಿಮಾಡಿತು. ಅದೇ ಫೆರೇರಾ 1979ರಲ್ಲಿ, ಪ್ರಾಸ್ಟಾಗ್ಲಾಂಡಿನ್ ಕೊಟ್ಟು ಸೂಕ್ಷ್ಮಗೊಳಿಸಿದ ಇಲಿಯ ಪಾದಕ್ಕೆ ಅತ್ಯಲ್ಪ ಮಾರ್ಫಿನ್ ಕೊಟ್ಟರೆ ಆ ಪಾದದಲ್ಲಿ ನೋವು ತಗ್ಗುತ್ತದೆ ಎಂದು ತಮ್ಮ ಸಹೋದ್ಯೋಗಿಯೊಡನೆ ವರದಿ ಮಾಡಿದರು. ಇಂಥ ಪ್ರಯೋಗಗಳಲ್ಲಿ ಮದ್ದು ಮಿದುಳಿಗೆ ಹೋಗಿ ಕೆಲಸ ಮಾಡಿತೋ, ಪಾದದಲ್ಲೇ ಮಾಡಿತೋ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಅಷ್ಟೇ ಮದ್ದನ್ನು ಇನ್ನೊಂದು ಪಾದಕ್ಕೆ ಕೊಡುವುದು. ಹಂಟರ್ ಅವರ ಹಳೆಯ ಪರೀಕ್ಷೆಯೇ ಇದು. ಮದ್ದಿನ ಪ್ರಮಾಣ ಬಹಳ ಚಿಕ್ಕದಾದಾಗ ಇನ್ನೊಂದು ಪಾದಕ್ಕೆ ಕೊಟ್ಟದ್ದು ಕೆಲಸಕ್ಕೆ ಬರುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ, 1991ರಲ್ಲಿ ಜರ್ಮನಿಯ ವೈದ್ಯ ಕ್ರಿಸ್ಟೋಫ್ ಸ್ಟೈನ್ ಮತ್ತು ಸಂಗಡಿಗರ ವರದಿ ಬಹಳ ಗಮನ ಸೆಳೆಯಿತು. ಮಂಡಿಯೊಳಗೆ ದೂರದರ್ಶಕ ನಳಿಕೆ ಇಳಿಸಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರಿಗೆ ಒಂದು ಮಿಲಿಗ್ರಾಂ ಮೀರದ ಮಾರ್ಫಿನ್ನನ್ನು ಕೀಲಿನೊಳಗೇ ಕೊಟ್ಟಾಗ ನೋವು ಗಣನೀಯವಾಗಿ ತಗ್ಗಿತು. ಅಷ್ಟೇ ಅಲ್ಪ ಪ್ರಮಾಣವನ್ನು ರಕ್ತನಾಳಕ್ಕೆ ಕೊಟ್ಟವರಿಗೆ ಅಂಥ ಉಪಶಮನ ಸಿಗಲಿಲ್ಲ. ಮಾರ್ಫಿನ್‌ಗೆ ವಿರೋಧಿಯಾದ ನಲಾಕ್ಸೋನ್ ಎಂಬ ಮದ್ದನ್ನೂ ಕೀಲಿಗೆ ಸೇರಿಸಿದರೆ ಲಾಭ ಇಲ್ಲವಾಯಿತು. ಎಂದರೆ ಮಂಡಿಯ ನರತುದಿಯಲ್ಲಿರುವ ಗ್ರಾಹಕವೇ ಇದಕ್ಕೆ ಕಾರಣ. ಮುಂದೆ ಇತರರು ಮಾಡಿದ ಅನೇಕ ಪರೀಕ್ಷೆಗಳಲ್ಲಿ ಫಲಿತಾಂಶ ಒಂದೇ ರೀತಿ ಬರಲಿಲ್ಲ. ಕೆಲವದರಲ್ಲಿ ಲಾಭ ಕಂಡಿತು, ಕೆಲವದರಲ್ಲಿ ಕಾಣಲಿಲ್ಲ. ಆದ್ದರಿಂದ ಇದನ್ನು ಎಲ್ಲ ಮಂಡಿನೋವಿನ ಸಿದ್ಧೌಷಧವೆಂದು ಯಾರೂ ತಿಳಿಯಬಾರದು.

ಯಾವ ತೂಬು? ಎರಡು ಉತ್ತರಗಳು

ನರದಲ್ಲಿ ಪೊಟ್ಯಾಸಿಯಂ ನಾಲೆಗಳು ಒಂದಲ್ಲ, ಹತ್ತಾರು ಬಗೆಯವು. ಮಿದುಳಿನ ಹೊರಗಿನ ನೋವು ನಿವಾರಣೆಯಲ್ಲಿ ಯಾವುದು ಮುಖ್ಯ?

ಮೊದಲ ಉತ್ತರ ಬಂದದ್ದು ಮತ್ತೆ ಬ್ರೆಜಿಲ್‌ನಿಂದಲೇ. 2000ದಲ್ಲಿ ಅಲ್ಲಿನ ರೋಡ್ರಿಗೆಸ್ ಮತ್ತು ಡುವಾರ್ಟೆ ಎಂಬ ವಿಜ್ಞಾನಿಗಳು ಇಲಿಯ ಪಾದಕ್ಕೆ ಮಾರ್ಫಿನ್ ಜೊತೆ ಗ್ಲಿಬೆನ್‌ಕ್ಲಮೈಡ್ ಕೊಟ್ಟರು. ನಮ್ಮಲ್ಲಿ ಸಕ್ಕರೆ ಕಾಯಿಲೆಯವರು ಅನೇಕ ವರ್ಷಗಳಿಂದ ಬಲ್ಲ ಗುಳಿಗೆಯ ಮದ್ದು ಇದು. ಮಾರ್ಫಿನ್‌ನ ಪರಿಣಾಮ ಕುಗ್ಗಿಹೋಯಿತು! ಬೇರೆ ಬಗೆಯ ಪೊಟ್ಯಾಸಿಯಂ ನಾಲೆಗಳನ್ನು ಮುಚ್ಚುವ ವಸ್ತುಗಳು ಹಾಗೆ ಮಾಡಲಿಲ್ಲ.

ಸಕ್ಕರೆ ಕಾಯಿಲೆಯ ಮದ್ದಿಗೂ ನೋವಿಗೂ ಏನು ಸಂಬಂಧ? ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳಲ್ಲಿ ಒಂದು ಬಗೆಯ ಪೊಟ್ಯಾಸಿಯಂ ನಾಲೆ ಇದೆ. ಕೋಶದ ಶಕ್ತಿಯ ನಾಣ್ಯವಾದ ಎ.ಟಿ.ಪಿ. ಹೆಚ್ಚಿದಾಗ ಅದು ಮುಚ್ಚಿಕೊಳ್ಳುತ್ತದೆ. ಮುಚ್ಚಿದಾಗ ಕೋಶ ಉದ್ರೇಕಗೊಂಡು ಇನ್ಸುಲಿನ್ ಸುರಿಸುತ್ತದೆ. ಗ್ಲಿಬೆನ್‌ಕ್ಲಮೈಡ್ ಆ ನಾಲೆಯನ್ನು ಮುಚ್ಚಿಸುವ ಮದ್ದು. ಅದೇ ಬಗೆಯ ನಾಲೆ ನೋವಿನ ನರದಲ್ಲಿಯೂ ಇದೆ. ಮಾರ್ಫಿನ್ ಅಲ್ಲಿ ತೂಬು ತೆರೆಸಲು ಹೋದರೆ ಗ್ಲಿಬೆನ್‌ಕ್ಲಮೈಡ್ ಮುಚ್ಚಿ ಹಿಡಿಯುತ್ತದೆ. ಗ್ರಾಹಕದಿಂದ ಈ ತೂಬಿನವರೆಗೆ ಸೂಚನೆ ಕೈಯಿಂದ ಕೈಗೆ ಸಾಗುತ್ತದೆಂದೂ, ನಡುವೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲರೂಪದ ದೂತ ಇದೆಯೆಂದೂ ಬ್ರೆಜಿಲ್‌ನ ತಂಡಗಳು ವಿವರಿಸಿವೆ. 2010ರಲ್ಲಿ ಫೆರೇರಾ ಅವರ ಬಳಗ ಈ ಸರಪಣಿಯ ಇನ್ನಷ್ಟು ಕೊಂಡಿಗಳನ್ನು ಪ್ರಕಟಿಸಿತು.

ಎರಡನೆಯ ಉತ್ತರ ಯೂರೋಪಿನಿಂದ ಬಂತು, ಒಂದು ಒಗಟಿನ ರೂಪದಲ್ಲಿ. ಮಿದುಳಿಗೆ ಹೋಗದ ಓಪಿಯಾಯ್ಡ್‌ಗಳು ದೊಡ್ಡ ಇಲಿಗಳಲ್ಲಿ ಚೆನ್ನಾಗಿ ನೋವು ತಗ್ಗಿಸುತ್ತಿದ್ದವು. ಚಿಟ್ಟಿಲಿಗಳ ಕೆಲವು ಪ್ರಯೋಗಗಳಲ್ಲಿ ಅವುಗಳ ಪರಿಣಾಮ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಯಾಕೆ? 2013ರಲ್ಲಿ ಇಟಲಿ ಮತ್ತು ಜರ್ಮನಿಯ ವಿಜ್ಞಾನಿಗಳು ಕಾರಣ ಹೇಳಿದರು. ಮನುಷ್ಯರ ಮತ್ತು ದೊಡ್ಡ ಇಲಿಗಳ ಸಂವೇದನಾ ನರಗಳಲ್ಲಿ ಗರ್ಕ್ ನಾಲೆಗಳಿವೆ; ಚಿಟ್ಟಿಲಿಯ ಅದೇ ನರಗಳಲ್ಲಿ ಅವು ಇಲ್ಲ. ಗ್ರಾಹಕವಿದೆ, ನೀರಗಂಟಿಯೂ ಇದ್ದಾನೆ, ಎತ್ತಲು ತೂಬೇ ಇಲ್ಲ! ವಿಜ್ಞಾನಿಗಳು ಚಿಟ್ಟಿಲಿಯ ನೋವಿನ ನರಗಳಲ್ಲಿ ಗರ್ಕ್ ನಾಲೆ ಹುಟ್ಟುವಂತೆ ವಂಶವಾಹಿಯನ್ನು ಸೇರಿಸಿದರು. ಆಗ ಚಿಟ್ಟಿಲಿಯಲ್ಲಿಯೂ ಸ್ಥಳೀಯವಾಗಿ ಕೊಟ್ಟ ಓಪಿಯಾಯ್ಡ್ ನೋವನ್ನು ತಗ್ಗಿಸಿತು.

ಎರಡು ಉತ್ತರಗಳಲ್ಲಿ ಒಂದೇ ಸರಿಯಾಗಬೇಕೆಂದಿಲ್ಲ. ಒಂದು ಕೆರೆಗೆ ಎರಡು ತೂಬು ಇರುವುದು ಅಪರೂಪವಲ್ಲ. ಪ್ರಯೋಗದ ಬಗೆ, ನೋವಿನ ಕಾರಣ, ಪ್ರಾಣಿಯ ಜಾತಿ ಇವನ್ನು ಅನುಸರಿಸಿ ಒಂದೊಂದರ ಪಾಲು ಹೆಚ್ಚು ಕಡಿಮೆಯಾಗಬಹುದು. ಅಲ್ಲದೆ ಓಪಿಯಾಯ್ಡ್‌ಗಳ ಕೆಲಸ ಪೊಟ್ಯಾಸಿಯಂನಿಂದಲೇ ಮುಗಿಯುವುದಿಲ್ಲ. ಅವು ನರದೊಳಗೆ ಕ್ಯಾಲ್ಸಿಯಂ ಬರುವ ಬಾಗಿಲನ್ನು ಓರೆ ಮಾಡುತ್ತವೆ. ನರವನ್ನು ಸೂಕ್ಷ್ಮಗೊಳಿಸುವ ರಾಸಾಯನಿಕ ಕ್ರಿಯೆಯನ್ನೂ ತಗ್ಗಿಸುತ್ತವೆ. ಎಂದರೆ ಒಳಹರಿವನ್ನು ಕಡಿಮೆ ಮಾಡಿ ಹೊರಹರಿವನ್ನು ಹೆಚ್ಚಿಸುತ್ತವೆ. ಆಸ್ಪಿರಿನ್ ಜಾತಿಯ ಮಾತ್ರೆಗಳು ಮಾಡುವುದು ಬೇರೆ ಕೆಲಸ. ಅವು ಪ್ರಾಸ್ಟಾಗ್ಲಾಂಡಿನ್ ಹುಟ್ಟುವುದನ್ನೇ ತಡೆಯುತ್ತವೆ.

ಗಾಯವಿದ್ದಲ್ಲೇ ದೇಹದ ಮದ್ದು

ಇಲ್ಲಿ ಪ್ರಕೃತಿಯ ಒಂದು ಏರ್ಪಾಡು ಗಮನಾರ್ಹ. ಓಪಿಯಾಯ್ಡ್ ಗ್ರಾಹಕಗಳು ತಯಾರಾಗುವುದು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ. ಅಲ್ಲಿಂದ ಎಳೆಯ ಉದ್ದಕ್ಕೂ ಸಾಗಿ ತುದಿಗೆ ಬರುತ್ತವೆ. ಉರಿಯೂತ ಇದ್ದಾಗ ಈ ಸಾಗಣೆ ಹೆಚ್ಚುತ್ತದೆ. ನರವನ್ನು ಸುತ್ತಿದ ಕವಚವೂ ಸಡಿಲಗೊಂಡು ಮದ್ದು ಒಳಗೆ ತಲುಪುವುದು ಸುಲಭವಾಗುತ್ತದೆ. ಆದ್ದರಿಂದಲೇ ಆರೋಗ್ಯವಾಗಿರುವ ಚರ್ಮಕ್ಕಿಂತ ಬಾತಿರುವ ಜಾಗದಲ್ಲಿ ಸ್ಥಳೀಯ ಮಾರ್ಫಿನ್ ಹೆಚ್ಚು ಕೆಲಸ ಮಾಡುತ್ತದೆ.

ಇದಕ್ಕೂ ಮಿಗಿಲಾದದ್ದು ಇನ್ನೊಂದಿದೆ. ಗಾಯದ ಬಳಿ ರೋಗಾಣುಗಳೊಡನೆ ಹೋರಾಡಲು ಬರುವ ಬಿಳಿಯ ರಕ್ತಕಣಗಳು ಎಂಡಾರ್ಫಿನ್ನನ್ನೂ ಹೊತ್ತು ತರುತ್ತವೆ ಎಂಬುದನ್ನು 1990ರಿಂದ ಸ್ಟೈನ್ ಅವರ ಬಳಗ ತೋರಿಸುತ್ತ ಬಂದಿದೆ. ಊತವನ್ನು ಉಂಟುಮಾಡುವ ಕಣಗಳೇ ನೋವಿನ ಮದ್ದನ್ನೂ ಬಿಡುಗಡೆ ಮಾಡುತ್ತವೆ. 1993ರಲ್ಲಿ ಅವರು ಮಂಡಿಯ ಶಸ್ತ್ರಕ್ರಿಯೆಯಾದವರ ಕೀಲಿಗೆ ನಲಾಕ್ಸೋನ್ ಮಾತ್ರ ಕೊಟ್ಟಾಗ ನೋವು ಹೆಚ್ಚಿತು. ಹೊರಗಿನ ಮಾರ್ಫಿನ್ ಇಲ್ಲದಿದ್ದರೂ ದೇಹದ ಸ್ವಂತ ಓಪಿಯಾಯ್ಡ್ ಅಲ್ಲಿ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಇದು ಸಾಕ್ಷಿ.

ಮಿದುಳಿಗೆ ಹೋಗದ ಮದ್ದುಗಳು

ಮಿದುಳಿಗೆ ಹೋಗದ ಓಪಿಯಾಯ್ಡ್ ಒಂದನ್ನು ನಮ್ಮಲ್ಲಿ ಅನೇಕರು ಅರಿಯದೆಯೇ ನುಂಗಿದ್ದಾರೆ. ಭೇದಿ ನಿಲ್ಲಿಸಲು ಕೊಡುವ ಲೋಪೆರಮೈಡ್ ಅದು. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿರುವ ಒಂದು ಪಂಪು ಅದನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಅದು ಕರುಳಿನ ನರಗಳನ್ನಷ್ಟೇ ಶಾಂತಗೊಳಿಸುತ್ತದೆ. ಆದರೆ ಈ ಮಾತ್ರೆಯನ್ನು ಮಿತಿಮೀರಿ ನುಂಗಿದರೆ ಹೃದಯದ ಲಯ ತಪ್ಪುತ್ತದೆಂದು 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಇದಕ್ಕೂ ಒಂದು ಮುಖ್ಯ ಕಾರಣ ಪೊಟ್ಯಾಸಿಯಂ ನಾಲೆಯೇ ಎಂಬುದು ಸೋಜಿಗ. ಅತಿಯಾದ ಪ್ರಮಾಣದಲ್ಲಿ ಈ ಮದ್ದು ಹೃದಯದ ಇನ್ನೊಂದು ಬಗೆಯ ಪೊಟ್ಯಾಸಿಯಂ ನಾಲೆಯನ್ನು ಮುಚ್ಚಿಬಿಡುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು. ಮಕ್ಕಳ ಭೇದಿಗೆ ಮೊದಲು ಬೇಕಾದದ್ದು ಸಕ್ಕರೆ ಉಪ್ಪಿನ ಜೀವಜಲ.

2017ರಲ್ಲಿ ಬರ್ಲಿನ್ನಿನ ಸ್ಟೈನ್ ಬಳಗ ಇನ್ನೊಂದು ಜಾಣ ಉಪಾಯವನ್ನು ಪ್ರಕಟಿಸಿತು. ಊದಿಕೊಂಡ ಅಂಗಾಂಶ ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚು ಆಮ್ಲೀಯ. ಫೆಂಟನಿಲ್ ಎಂಬ ಪ್ರಬಲ ಓಪಿಯಾಯ್ಡ್‌ನ ಅಣುವನ್ನು ಕಂಪ್ಯೂಟರ್ ಲೆಕ್ಕಾಚಾರದಿಂದ ಸ್ವಲ್ಪ ಬದಲಿಸಿ, ಆಮ್ಲೀಯ ಜಾಗದಲ್ಲಿ ಮಾತ್ರ ಗ್ರಾಹಕಕ್ಕೆ ಚೆನ್ನಾಗಿ ಅಂಟುವಂತೆ ಮಾಡಿದರು. ಇಲಿಗಳಲ್ಲಿ ಅದು ಉಸಿರಾಟ ಕುಂದಿಸದೆ, ಮಲಬದ್ಧತೆ ತರದೆ ಗಾಯದ ಜಾಗದಲ್ಲಿ ನೋವು ತಗ್ಗಿಸಿತು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿ ಕಾಣುತ್ತದೆ ಎನ್ನಲಾಗದು ಎಂಬುದನ್ನು ಚಿಟ್ಟಿಲಿಯ ಕಥೆ ಈಗಾಗಲೇ ಕಲಿಸಿದೆ. ಮಿದುಳಿಗೆ ಬಹುಮಟ್ಟಿಗೆ ಹೋಗದ ಡೈಫೆಲಿಕೆಫಾಲಿನ್ ಎಂಬ ಓಪಿಯಾಯ್ಡ್‌ಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಅದು ನೋವಿಗಲ್ಲ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಿಪರೀತ ತುರಿಕೆಗೆ.

ಸಾಮಾನ್ಯವಾಗಿ ಏಳುವ ಪ್ರಶ್ನೆಗಳು

ಪೊಟ್ಯಾಸಿಯಂ ಹೆಚ್ಚಿರುವ ಎಳನೀರು, ಬಾಳೆಹಣ್ಣು ತಿಂದರೆ ನೋವು ಕಡಿಮೆಯಾಗುವುದೇ?
ಆಗುವುದಿಲ್ಲ. ಇಲ್ಲಿ ಮುಖ್ಯವಾದದ್ದು ತೂಬು ತೆರೆಯುವುದು, ಪೊಟ್ಯಾಸಿಯಂ ಸೇರಿಸುವುದಲ್ಲ. ನರದ ಹೊರಗೆ ಪೊಟ್ಯಾಸಿಯಂ ಹೆಚ್ಚಿದರೆ ಒಳಗಿನದು ಹೊರಗೆ ಹರಿಯುವುದೇ ಕಷ್ಟವಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಹೆಚ್ಚಿನ ಪೊಟ್ಯಾಸಿಯಂ ಅಪಾಯಕಾರಿ.

ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಿಗೆ ಮಾರ್ಫಿನ್ ಹತ್ತುವುದಿಲ್ಲವೇ?
ಹಾಗೆಂದು ತೀರ್ಮಾನಿಸಬಾರದು. ಪ್ರಯೋಗ ನಡೆದದ್ದು ಇಲಿಯ ಪಾದದಲ್ಲಿ, ಎರಡೂ ಮದ್ದನ್ನು ಅಲ್ಲಿಗೇ ಕೊಟ್ಟು. ನುಂಗಿದ ಮಾರ್ಫಿನ್ ಮಿದುಳು ಮತ್ತು ಬೆನ್ನುಹುರಿಯಲ್ಲಿಯೂ ಕೆಲಸ ಮಾಡುತ್ತದೆ. ಯಾವ ಗುಳಿಗೆಯನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಮಿದುಳಿಗೆ ಹೋಗದ ಮದ್ದಾದರೆ ಯಾವ ತೊಂದರೆಯೂ ಇಲ್ಲವೇ?
ಉಸಿರಾಟ ಮತ್ತು ಚಟದ ಭಯ ಬಹಳ ಕಡಿಮೆಯಾಗಬಹುದು. ಆದರೆ ಕರುಳೂ ಮಿದುಳಿನ ಹೊರಗೇ ಇದೆ ಎಂಬುದನ್ನು ಮರೆಯಬಾರದು. ಮದ್ದು ಅಲ್ಲಿಗೂ ಹೋದರೆ ಮಲಬದ್ಧತೆ ಉಳಿಯುತ್ತದೆ. ಅಲ್ಲದೆ ಎಲ್ಲ ನೋವೂ ನರದ ತುದಿಯಲ್ಲಿ ಹುಟ್ಟುವುದಿಲ್ಲ. ಬೆನ್ನುಹುರಿ, ಮಿದುಳಿನಲ್ಲೇ ಬೇರೂರಿದ ನೋವಿಗೆ ತುದಿಯ ತೂಬು ಎತ್ತಿ ಫಲವಿಲ್ಲ.

ಅಲ್ಲಿಯವರೆಗೆ

ಗಾಯದಲ್ಲಿ ಮಾತ್ರ ಕೆಲಸ ಮಾಡುವ, ಮಿದುಳನ್ನು ಮುಟ್ಟದ ಓಪಿಯಾಯ್ಡ್ ಮದ್ದು ಕಡುನೋವಿನ ರೋಗಿಯ ಕೈಗೆ ಬರಲು ಇನ್ನೂ ಕೆಲಸವಿದೆ. ಅದು ಬರುವವರೆಗೆ ಇಂದು ನರಳುತ್ತಿರುವವರು ಕಾಯಬೇಕಾಗಿಲ್ಲ. ಕ್ಯಾನ್ಸರಿನ ಕಡುನೋವಿಗೆ ತಿಳಿದ ವೈದ್ಯರ ಕೈಯಲ್ಲಿ, ಹಂತಹಂತವಾಗಿ ಪ್ರಮಾಣ ಗೊತ್ತುಮಾಡಿ ಕೊಟ್ಟ ಮಾರ್ಫಿನ್ ಇಂದಿಗೂ ನೆಚ್ಚಬಹುದಾದ ಮದ್ದು. ನೋವಿಗಾಗಿ ಹೀಗೆ ತೆಗೆದುಕೊಳ್ಳುವುದಕ್ಕೂ ಅಮಲಿಗಾಗಿ ಸೇವಿಸುವುದಕ್ಕೂ ಅಜಗಜಾಂತರವಿದೆ. 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ಸಿಗುವುದೇ ಕಷ್ಟವಾಗಿದ್ದ ಕಾಲವಿತ್ತು. 2014ರ ತಿದ್ದುಪಡಿ ಆ ದಾರಿಯನ್ನು ಸುಗಮಗೊಳಿಸಿತು. ಕಾನೂನಿನ ಅಡ್ಡಿ ಸಡಿಲವಾದ ಮೇಲೂ ಮನೆಯವರ ಅಂಜಿಕೆಯಿಂದ ರೋಗಿ ನರಳುವಂತಾಗಬಾರದು. ಅಂಜಿಕೆ ಇದ್ದರೆ 'ಬೇಡ' ಎನ್ನುವ ಮೊದಲು ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಕೇಳಿ. ಪ್ರಮಾಣ, ಸಮಯ, ಮಲಬದ್ಧತೆಗೆ ಮಾಡಬೇಕಾದ ಉಪಾಯ ಎಲ್ಲವನ್ನೂ ವಿಚಾರಿಸಿ ತಿಳಿಯಿರಿ.

ನೋವಿದ್ದ ಜಾಗಕ್ಕೇ ಸೂಜಿ ಚುಚ್ಚಿದ ಅಲೆಕ್ಸಾಂಡರ್ ವುಡ್ ಅವರಿಗೆ ಗ್ರಾಹಕವೂ ಗೊತ್ತಿರಲಿಲ್ಲ, ಪೊಟ್ಯಾಸಿಯಂ ನಾಲೆಯೂ ಗೊತ್ತಿರಲಿಲ್ಲ. ಆದರೂ ಅವರ ಊಹೆ ಪೂರ್ತಿ ಸುಳ್ಳಾಗಲಿಲ್ಲ. ನೋವು ಹುಟ್ಟುವ ಜಾಗದಲ್ಲೇ ಅದನ್ನು ತಣಿಸುವ ತೂಬನ್ನು ದೇಹ ಮೊದಲೇ ಇಟ್ಟುಕೊಂಡಿದೆ. ಅದನ್ನು ಬೇಕಾದಷ್ಟೇ, ಬೇಕಾದಲ್ಲೇ ಎತ್ತುವುದನ್ನು ನಾವು ಕಲಿಯಬೇಕಾಗಿದೆ.